ಎಲ್ಲರಿಗೂ ತೆರೆದ ಡಾರ್ಕ್‌ರೂಮ್: ಸಮುದಾಯ ಛಾಯಾಗ್ರಹಣ ಕೇಂದ್ರದಲ್ಲಿ ಕಟ್ಟುವುದು, ನಡೆಸುವುದು ಹೇಗೆ

ಒಬ್ಬರೇ ಬಳಸುವ ಡಾರ್ಕ್‌ರೂಮಿನ (ಫಿಲ್ಮ್ ತೊಳೆದು ಪ್ರಿಂಟ್ ತೆಗೆಯುವ ಕತ್ತಲಕೋಣೆಯ) ಅರ್ಧ ವ್ಯವಸ್ಥೆ ಆ ವ್ಯಕ್ತಿಯ ತಲೆಯೊಳಗೇ ಇರುತ್ತದೆ. ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ದ್ರಾವಣ) ಕಲಸಿದ್ದು ಯಾವತ್ತು, ಯಾವ ಇಕ್ಕಳ ಯಾವ ಟ್ರೇಗೆ ಸೇರಿದ್ದು, ಪ್ರಿಂಟಿನ ಎಡಮೂಲೆ ಯಾಕೆ ಮಸುಕಾಗುತ್ತಿದೆ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಬರೆದಿಡುವ ಅಗತ್ಯ ಬೀಳುವುದಿಲ್ಲ. ಲಾಭದ ಉದ್ದೇಶವಿಲ್ಲದೆ ಊರಿನವರಿಗಾಗಿ ನಡೆಯುವ ಛಾಯಾಗ್ರಹಣ ಕೇಂದ್ರದಲ್ಲಿ ಈ ಅನುಕೂಲ ಸಿಗದು. ಬೆಳಗ್ಗೆ ಕೆಲಸ ಮಾಡಿ ಹೋದವರ ಮುಖವನ್ನು ಮಧ್ಯಾಹ್ನ ಬರುವವರು ನೋಡಿಯೇ ಇರುವುದಿಲ್ಲ. ಹಾಗಾಗಿ ಗೊತ್ತಿರಬೇಕಾದುದೆಲ್ಲ ಕೋಣೆಯಲ್ಲೇ ಇರಬೇಕು: ಗೋಡೆಯ ಮೇಲೆ, ಬಾಟಲಿಯ ಚೀಟಿಯಲ್ಲಿ, ದಾಖಲೆ ಪುಸ್ತಕದಲ್ಲಿ, ಇಕ್ಕಳದ ಹಿಡಿಯ ಮೇಲೆ. ಕೆಳಗಿನ ಪ್ರತಿ ಹಂತವನ್ನೂ ಈ ಒಂದು ಅಗತ್ಯವನ್ನು ಮುಂದಿಟ್ಟುಕೊಂಡೇ ವಿವರಿಸಿದೆ.

ಇಲ್ಲಿ ಹೇಳುವುದು ಕಪ್ಪು-ಬಿಳುಪು ಫಿಲ್ಮ್ ಮತ್ತು ಪ್ರಿಂಟಿನ ಬಗ್ಗೆ ಮಾತ್ರ. ಕಲರ್ ನೆಗೆಟಿವ್ ಫಿಲ್ಮಿನ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು, ಸ್ವಲ್ಪವೂ ಆಚೀಚೆ ಆಗುವಂತಿಲ್ಲ. ಹೊಸ ಕೇಂದ್ರ ಮೊದಲ ವರ್ಷವೇ ಅದಕ್ಕೆ ಕೈಹಾಕದಿರುವುದು ಒಳ್ಳೆಯದು. ನಾಲ್ಕು ಎನ್‌ಲಾರ್ಜರ್ (ನೆಗೆಟಿವಿನ ಚಿತ್ರವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ), ಒಂದು ಉದ್ದನೆಯ ಸಿಂಕ್, ಒಮ್ಮೆಗೆ ನಾಲ್ಕು ಜನ ಎಂಬ ಲೆಕ್ಕದಲ್ಲಿ ಅಳತೆಗಳನ್ನು ಕೊಟ್ಟಿದೆ.

ಕೋಣೆ ಸಿಗುವ ಮೊದಲೇ ಶುರು ಮಾಡಬಹುದು

ಕತ್ತಲಕೋಣೆ ಸಿದ್ಧವಾಗುವ ತನಕ ಜನರನ್ನು ಕಾಯಿಸಬೇಕಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿ ಪ್ರಿಂಟಿನ ವಿಧಾನಕ್ಕೆ ಮಂದ ಬೆಳಕಿನ ಮೂಲೆ, ಬಿಸಿಲು, ನೀರು ಇದ್ದರೆ ಸಾಕು. 100 ಮಿಲಿ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್. ಬೇರೆ ಬಾಟಲಿಯಲ್ಲಿ 100 ಮಿಲಿ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಬಳಸುವ ಹೊತ್ತಿಗೆ ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ದಪ್ಪ ಕಾಗದಕ್ಕೆ ಬ್ರಶ್ಶಿನಿಂದ ಬಳಿದು, ಕತ್ತಲಲ್ಲಿ ಒಣಗಿಸಿ. ಮೇಲೆ ಎಲೆ ಅಥವಾ ನೆಗೆಟಿವ್ ಇಟ್ಟು ಗಾಜು ಒತ್ತಿ ಬಿಸಿಲಿಗೆ ಹಿಡಿಯಿರಿ. ಬಿಸಿಲು ಬಿದ್ದ ಭಾಗ ಬೂದು ಮಿಶ್ರಿತ ಕಂಚಿನ ಬಣ್ಣಕ್ಕೆ ತಿರುಗಿದಾಗ ತೆಗೆದು, ಹಳದಿ ಪೂರ್ತಿ ಬಿಡುವ ತನಕ ನೀರಿನಲ್ಲಿ ತೊಳೆಯಿರಿ. ಸೋಪು ತಾಗಿಸಬೇಡಿ, ಕ್ಷಾರಕ್ಕೆ ಈ ನೀಲಿ ಮಾಸುತ್ತದೆ. ಪೊಟ್ಯಾಸಿಯಂ ಫೆರಿಸಯನೈಡನ್ನು ಪ್ರಬಲ ಆಮ್ಲಗಳ ಹತ್ತಿರ ಇಡಲೇಬಾರದು. ಎರಡೂ ಸೇರಿದರೆ ವಿಷಾನಿಲ ಹೊರಬರಬಹುದು.

ಇಂಥ ನಾಲ್ಕೈದು ಕಾರ್ಯಾಗಾರ ಆಗುವಷ್ಟರಲ್ಲಿ ಯಾರು ಮತ್ತೆ ಮತ್ತೆ ಬರುತ್ತಾರೆ, ಯಾರಿಗೆ ಹೇಳಿಕೊಡುವ ತಾಳ್ಮೆ ಇದೆ ಎಂಬುದು ಕಾಣತೊಡಗುತ್ತದೆ. ಡಾರ್ಕ್‌ರೂಮನ್ನು ನಾಳೆ ನೋಡಿಕೊಳ್ಳುವ ಸ್ವಯಂಸೇವಕರು ಸಿಗುವುದು ಇವರ ನಡುವೆಯೇ.

ಕತ್ತಲು ಕಟ್ಟುವುದು

4 ಮೀಟರ್ ಅಗಲ, 5 ಮೀಟರ್ ಉದ್ದದ ಕೋಣೆ ನಾಲ್ಕು ಎನ್‌ಲಾರ್ಜರಿಗೆ ಸಾಕು. ಬಾಗಿಲನ್ನು ಮೊದಲು ಯೋಚಿಸಿ. ಒಂದೇ ಬಾಗಿಲಿದ್ದರೆ ಯಾರೋ ಒಬ್ಬರು ಹೊರಗೆ ಹೋಗಬೇಕೆಂದಾಗಲೆಲ್ಲ ಉಳಿದ ಮೂವರ ಕಾಗದ ಅಪಾಯಕ್ಕೆ ಸಿಲುಕುತ್ತದೆ. ಎರಡು ಬಾಗಿಲುಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಡುವುದು ಒಂದು ದಾರಿ. ಬಾಗಿಲೇ ಇಲ್ಲದೆ ಎರಡು ತಿರುವುಗಳಿರುವ, ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ ಓಣಿ ಇನ್ನೊಂದು. ಜಾಗ ಇದ್ದರೆ ಓಣಿಯೇ ಮೇಲು: ಗಾಳಿಯೂ ಆಡುತ್ತದೆ, ಗಾಲಿಕುರ್ಚಿಯೂ ಬರುತ್ತದೆ. ಅದಕ್ಕೆ ಓಣಿ ಕನಿಷ್ಠ 90 ಸೆಂ.ಮೀ. ಅಗಲವಿದ್ದು, ತಿರುವಿನಲ್ಲಿ ಗಾಲಿಕುರ್ಚಿ ಹೊರಳಲು 150 ಸೆಂ.ಮೀ. ಸಿಗಬೇಕು.

ಬೆಳಕು ಸೋರುವುದನ್ನು ಪರೀಕ್ಷಿಸಲು ಬಿಸಿಲು ಜೋರಾಗಿರುವ ನಡುಮಧ್ಯಾಹ್ನವೇ ಆಗಬೇಕು. ಒಳಗೆ ಹೋಗಿ, ಎಲ್ಲ ದೀಪ ಆರಿಸಿ, 10 ನಿಮಿಷ ಸುಮ್ಮನೆ ಕೂತುಕೊಳ್ಳಿ. ಮೊದಲ ಎರಡು ನಿಮಿಷದಲ್ಲಿ ಕಾಣದ ಸೋರಿಕೆಗಳು ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಾಣತೊಡಗುತ್ತವೆ. ಕಂಡಲ್ಲೆಲ್ಲ ಕಾಗದದ ಟೇಪಿನ ತುಂಡು ಅಂಟಿಸುತ್ತ ಹೋಗಿ, ಆಮೇಲೆ ದೀಪ ಹಾಕಿ ಒಂದೊಂದಾಗಿ ಮುಚ್ಚಿ. ಪ್ರತಿ ಎನ್‌ಲಾರ್ಜರಿನ ಜಾಗದಲ್ಲೂ ನಿಂತು, ಕೂತು, ಮೇಲಕ್ಕೆ ನೋಡಿ ಪರೀಕ್ಷಿಸಬೇಕು, ಯಾಕೆಂದರೆ ಒಂದು ಕಡೆಯಿಂದ ಕಾಣುವ ಬಿರುಕು ಇನ್ನೊಂದು ಕಡೆಯಿಂದ ಕಾಣುವುದಿಲ್ಲ. ಕೈಚಾಚಿ ಹಿಡಿದ ಬಿಳಿ ಕಾಗದ 10 ನಿಮಿಷದ ನಂತರವೂ ಕಾಣದಿದ್ದರೆ ಕೋಣೆ ತಯಾರು.

ಗೋಡೆಗಳೆಲ್ಲ ಕಪ್ಪಾಗಿರಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಸೇಫ್‌ಲೈಟ್ (ಪ್ರಿಂಟ್ ಕಾಗದವನ್ನು ಕೆಡಿಸದ ಮಂದ ಕೆಂಪು ದೀಪ) ಸರಿಯಿದ್ದರೆ ಅದರ ಬೆಳಕು ಬಿಳಿ ಗೋಡೆಗೆ ತಾಗಿ ಹಿಂದಿರುಗಿದರೂ ಸುರಕ್ಷಿತವೇ, ಮೇಲಾಗಿ ಕೋಣೆಯಲ್ಲಿ ಓಡಾಡುವುದು ಸುಲಭ. ಎನ್‌ಲಾರ್ಜರ್ ಸುತ್ತಲಿನ ಗೋಡೆ ಮಾತ್ರ ಹೊಳಪಿಲ್ಲದ ಕಪ್ಪಾಗಿರಲಿ. ಅಕ್ಕಪಕ್ಕದ ಎನ್‌ಲಾರ್ಜರುಗಳ ನಡುವೆ ಕಪ್ಪು ಹಲಗೆಯ ತಡೆ ಬೇಕು, ಒಬ್ಬರ ಬೆಳಕು ಮತ್ತೊಬ್ಬರ ಕಾಗದಕ್ಕೆ ಬೀಳಬಾರದು.

ಫಿಲ್ಮನ್ನು ತೊಳೆಯುವ ಟ್ಯಾಂಕಿನ ರೀಲಿಗೆ ಏರಿಸುವ ಕೆಲಸಕ್ಕೆ ಪೂರ್ತಿ ಕತ್ತಲು ಬೇಕು, ಸೇಫ್‌ಲೈಟ್ ಕೂಡ ಇರಬಾರದು. ಅದನ್ನು ಇದೇ ಕೋಣೆಯಲ್ಲಿ ಮಾಡಿದರೆ ಒಬ್ಬರ ಫಿಲ್ಮಿಗಾಗಿ ಮೂವರು ಕತ್ತಲಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಒಬ್ಬರು ನಿಲ್ಲುವಷ್ಟು ಜಾಗದ ಪುಟ್ಟ ಗೂಡನ್ನು ಪಕ್ಕದಲ್ಲೇ ಕಟ್ಟಿ. ಆಗದಿದ್ದರೆ ಎರಡು ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ಸೋರದ ಚೀಲ) ಇಡಿ.

ಗಾಳಿ, ನೀರು, ಕರೆಂಟು

ಹಣ ಉಳಿಸಲು ಹೋಗಿ ಆರೋಗ್ಯ ಕಳೆದುಕೊಳ್ಳುವುದು ಗಾಳಿಯ ವಿಷಯದಲ್ಲಿ. ಫಿಕ್ಸರಿನಿಂದ ಸಲ್ಫರ್ ಡೈಆಕ್ಸೈಡ್ ಏಳುತ್ತದೆ. ಆಸ್ತಮಾ ಇರುವವರಿಗೆ ಸ್ವಲ್ಪವೇ ಸಾಕು. ಕೋಣೆಯ ಗಾಳಿ ಗಂಟೆಗೆ ಕನಿಷ್ಠ 10 ಸಲ ಬದಲಾಗಬೇಕು. 4 × 5 × 3 ಮೀಟರ್ ಕೋಣೆಯೆಂದರೆ 60 ಘನ ಮೀಟರ್, ಅಂದರೆ ಗಂಟೆಗೆ 600 ಘನ ಮೀಟರ್ ಗಾಳಿ ಸೆಳೆಯುವ ಫ್ಯಾನ್. ಕೊಳವೆಯ ತಿರುವುಗಳಲ್ಲಿ ಬಲ ಕುಂದುವುದರಿಂದ ಇನ್ನೂ ಸ್ವಲ್ಪ ದೊಡ್ಡದನ್ನೇ ಆರಿಸಿ.

ಫ್ಯಾನ್ ಎಷ್ಟು ದೊಡ್ಡದು ಎನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಎನ್ನುವುದು. ಅಡುಗೆಮನೆಯ ಚಿಮಣಿಯಂತೆ ತಲೆಯ ಮೇಲೆ ಕೂರಿಸಿದರೆ ಆವಿ ಟ್ರೇಯಿಂದ ಎದ್ದು ಮೂಗಿನ ಮುಂದೆಯೇ ಹಾದು ಮೇಲೆ ಹೋಗುತ್ತದೆ. ಗಾಳಿ ಸೆಳೆಯುವ ಬಾಯಿ ಸಿಂಕಿನ ಹಿಂಗೋಡೆಯಲ್ಲಿ, ಟ್ರೇಗಳಿಗಿಂತ ತುಸು ಎತ್ತರದಲ್ಲಿ, ಉದ್ದನೆಯ ಸೀಳಾಗಿರಲಿ. ಹೊಸ ಗಾಳಿ ಎದುರು ಬದಿಯಿಂದ, ಕೆಲಸ ಮಾಡುವವರ ಬೆನ್ನ ಹಿಂದಿನಿಂದ ಬರಲಿ. ಒಳಬರುವ ದಾರಿ ಇಡದೆ ಬರೀ ಫ್ಯಾನ್ ಹಾಕಿದರೆ ಸದ್ದು ಬರುತ್ತದೆಯೇ ಹೊರತು ಗಾಳಿ ಕದಲುವುದಿಲ್ಲ, ಬಾಗಿಲ ಸಂದಿಯಿಂದ ಧೂಳು ಮಾತ್ರ ಒಳಸೇರುತ್ತದೆ. ಎರಡೂ ಕೊಳವೆಗಳು ಬೆಳಕು ಒಳಬಾರದಂತೆ ಎರಡು ಸಲ ಮಡಿದಿರಲಿ, ಒಳಗೆ ಕಪ್ಪು ಬಳಿದಿರಲಿ.

ಸಿಂಕಿನ ಕೊಳವೆ ಪ್ಲಾಸ್ಟಿಕ್ಕಿನದಾಗಿರಬೇಕು. ತಾಮ್ರ ಮತ್ತು ಕಬ್ಬಿಣವನ್ನು ಫಿಕ್ಸರ್ ತಿನ್ನುತ್ತದೆ. ಕರೆಂಟಿನ ಲೈನಿಗೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಣೆಯ ಸ್ವಿಚ್ ಕಡ್ಡಾಯ. ಒದ್ದೆ ಕೈಗೆ ಎಟುಕುವ ಜಾಗದಲ್ಲಿ ಯಾವ ಪ್ಲಗ್ಗೂ ಬೇಡ. ಬಿಳಿ ದೀಪದ ಸ್ವಿಚ್ಚನ್ನು ಉಳಿದವುಗಳ ಸಾಲಿನಲ್ಲಿ ಇಡಬೇಡಿ. ಅದಕ್ಕೆ ಮೇಲೆತ್ತಿ ತೆಗೆಯುವ ಮುಚ್ಚಳ ಹಾಕಿ, ಬೇರೆ ಎತ್ತರದಲ್ಲಿ ಕೂರಿಸಿ. ಹೊಸಬರೊಬ್ಬರು ಕತ್ತಲಲ್ಲಿ ತಡವಿ ಅದನ್ನು ಒತ್ತಿದರೆ ಹಾಳಾಗುವುದು ಎಲ್ಲರ ಕಾಗದ.

ಒಣ ಬದಿ, ಒದ್ದೆ ಬದಿ

ಒಂದು ಗೋಡೆಗೆ ಎನ್‌ಲಾರ್ಜರ್, ಎದುರು ಗೋಡೆಗೆ ಸಿಂಕ್, ನಡುವೆ ಇಬ್ಬರು ಬೆನ್ನಿಗೆ ಬೆನ್ನು ತಾಗದೆ ಓಡಾಡಲು ಕನಿಷ್ಠ 1.2 ಮೀಟರ್. ಒದ್ದೆ ಕಾಗದ ಒಣ ಬದಿಗೆ ದಾಟಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಡಬೇಡಿ. ಫಿಕ್ಸರಿನ ಒಂದು ಹನಿ ಮೇಜಿನ ಮೇಲೆ ಒಣಗಿ ಪುಡಿಯಾಗಿ, ಮುಂದಿನವರ ಕಾಗದಕ್ಕೆ ತಗುಲಿ ಬಿಳಿ ಚುಕ್ಕೆಯಾಗುತ್ತದೆ. ಕಾರಣ ಏನೆಂದು ಅವರಿಗೆ ಎಂದೂ ತಿಳಿಯುವುದಿಲ್ಲ.

ಎನ್‌ಲಾರ್ಜರುಗಳು ದಾನವಾಗಿ ಬರುವುದೇ ಹೆಚ್ಚು. ನಾಲ್ಕು ಬೇರೆ ಬೇರೆ ಮಾದರಿಗಳಿಗಿಂತ ಒಂದೇ ಮಾದರಿಯ ಎರಡು ಹೆಚ್ಚು ಉಪಯುಕ್ತ, ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗುತ್ತದೆ, ಕಲಿಸುವುದೂ ಒಂದೇ ಸಲ. 35 ಮಿ.ಮೀ. ಫಿಲ್ಮಿಗೆ 50 ಮಿ.ಮೀ. ಲೆನ್ಸ್, 6×6 ಸೆಂ.ಮೀ. ನೆಗೆಟಿವಿಗೆ 80 ಮಿ.ಮೀ., 6×9ಕ್ಕೆ 105 ಮಿ.ಮೀ. ದೊಡ್ಡ ನೆಗೆಟಿವಿಗೆ 50ರ ಲೆನ್ಸ್ ಹಾಕಿದರೆ ಮೂಲೆಗಳು ಕತ್ತರಿಸಿ ಹೋಗುತ್ತವೆ.

ಪ್ರಿಂಟಿನ ಒಂದು ಮೂಲೆಯ ಕಣಗಳು ಚೂಪಾಗಿ, ಇನ್ನೊಂದು ಮೂಲೆಯವು ಮಸುಕಾಗಿ ಬಂದರೆ ನೆಗೆಟಿವ್ ಕೂರುವ ಮಟ್ಟ, ಲೆನ್ಸ್, ಕೆಳಗಿನ ಹಲಗೆ ಒಂದಕ್ಕೊಂದು ಸಮಾಂತರವಾಗಿಲ್ಲ ಎಂದರ್ಥ. ಪುಟ್ಟ ನೀರುಮಟ್ಟವನ್ನು ಮೂರೂ ಕಡೆ ಇಟ್ಟು ನೋಡಿ, ಗುಳ್ಳೆ ಮೂರರಲ್ಲೂ ಒಂದೇ ಜಾಗದಲ್ಲಿ ನಿಲ್ಲುವಂತೆ ತಿರುಪುಗಳನ್ನು ಸರಿಪಡಿಸಿ. ಹಲವರ ಕೈಯಲ್ಲಿ ಎನ್‌ಲಾರ್ಜರ್ ಬೇಗ ಓರೆಯಾಗುತ್ತದೆ, ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು.

ಪ್ರತಿ ಎನ್‌ಲಾರ್ಜರಿಗೂ ಒಂದು ರಟ್ಟಿನ ಚೀಟಿ ಕಟ್ಟಿ. ಯಾವ ಲೆನ್ಸ್, ಯಾವ ಬಲ್ಬ್, ಕೊನೆಯ ಸಲ ಮಟ್ಟ ನೋಡಿದ ದಿನ ಇವುಗಳ ಜೊತೆ ಒಂದು ಸಂಖ್ಯೆ ಮುಖ್ಯವಾಗಿ ಇರಲಿ: ಇಂತಿಷ್ಟು ಎತ್ತರದಲ್ಲಿ, ಎಫ್/8ರಲ್ಲಿ (ಲೆನ್ಸಿನ ಕಿಂಡಿಯ ಅಳತೆ), 2ನೇ ಫಿಲ್ಟರಿನಲ್ಲಿ (ಪ್ರಿಂಟಿನ ಕಪ್ಪು-ಬಿಳುಪಿನ ಅಂತರ ಹೊಂದಿಸುವ ಫಿಲ್ಟರ್), ಫಿಲ್ಮಿನ ಖಾಲಿ ಅಂಚು ಕಾಗದದ ಮೇಲೆ ಪೂರ್ತಿ ಕಪ್ಪಾಗಲು ಬೇಕಾದ ಕನಿಷ್ಠ ಸೆಕೆಂಡುಗಳು. ಇದು ಗೊತ್ತಿದ್ದರೆ ಹೊಸಬರ ಮೊದಲ ಕಾಂಟ್ಯಾಕ್ಟ್ ಶೀಟ್ (ರೋಲಿನ ಚಿತ್ರಗಳೆಲ್ಲ ಪುಟ್ಟದಾಗಿ ಮೂಡುವ ಹಾಳೆ) ಮೊದಲ ಹಾಳೆಯಲ್ಲೇ ಸರಿಬರುತ್ತದೆ. ಬಲ್ಬ್ ಬದಲಿಸಿದರೆ ಈ ಸಂಖ್ಯೆಯನ್ನು ಹೊಸದಾಗಿ ಕಂಡುಕೊಳ್ಳಬೇಕು.

ಸೇಫ್‌ಲೈಟ್ ನಿಜಕ್ಕೂ ಸೇಫ್ ಹೌದೇ?

ಕೆಂಪು ದೀಪ ಹಾಕಿಬಿಟ್ಟರೆ ಆಯಿತು ಎನ್ನುವಂತಿಲ್ಲ. ಕಾಗದದ ಮೇಲೆ ನಾಣ್ಯ ಇಟ್ಟು, ಐದು ನಿಮಿಷ ಬಿಟ್ಟು, ಡೆವಲಪ್ ಮಾಡಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಅದು ಸುಳ್ಳು ಧೈರ್ಯ ಕೊಡುತ್ತದೆ. ಎಕ್ಸ್‌ಪೋಶರ್ ಆಗದ, ಅಂದರೆ ಬೆಳಕು ತಾಗದ, ಕಾಗದಕ್ಕೆ ಕಪ್ಪಾಗಲು ತೊಡಗುವುದಕ್ಕೇ ಒಂದಷ್ಟು ಬೆಳಕು ಬೇಕು. ಆ ಮಿತಿಯನ್ನು ಎನ್‌ಲಾರ್ಜರ್ ಈಗಾಗಲೇ ದಾಟಿಸಿದ ಮೇಲೆ ಬೀಳುವ ಸೇಫ್‌ಲೈಟಿನ ಅಲ್ಪ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಖಾಲಿ ಕಾಗದ ಪಾಸಾದರೂ ನಿಮ್ಮ ಪ್ರಿಂಟಿನ ಬಿಳಿಭಾಗ ಬೂದಾಗಬಹುದು. ಸರಿಯಾದ ಕ್ರಮ ಹೀಗೆ:

1. ಸೇಫ್‌ಲೈಟ್ ಆರಿಸಿ, ಡೆವಲಪ್ ಮಾಡಿದಾಗ ತಿಳಿ ಬೂದು ಬರುವಷ್ಟು ಎಕ್ಸ್‌ಪೋಶರನ್ನು ಎನ್‌ಲಾರ್ಜರಿನಿಂದ ಇಡೀ ಹಾಳೆಗೆ ಕೊಡಿ. ಎಷ್ಟು ಸೆಕೆಂಡು ಎಂಬುದನ್ನು ಮೊದಲೇ ಟೆಸ್ಟ್ ಸ್ಟ್ರಿಪ್‌ನಿಂದ (ಬೇರೆ ಬೇರೆ ಸಮಯ ಬೆಳಕು ಕೊಟ್ಟು ನೋಡುವ ಕಾಗದದ ಪಟ್ಟಿ) ಕಂಡುಕೊಂಡಿರಿ.
2. ಹಾಳೆಯನ್ನು ಕೆಲಸ ಮಾಡುವ ಜಾಗದಲ್ಲೇ ಇಟ್ಟು, ಉದ್ದಕ್ಕೆ ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ. ಈ ಅರ್ಧ ಕೊನೆವರೆಗೂ ಮುಚ್ಚಿಯೇ ಇರುತ್ತದೆ.
3. ಸೇಫ್‌ಲೈಟ್ ಹಾಕಿ. ತೆರೆದ ಅರ್ಧವನ್ನು ಇನ್ನೊಂದು ರಟ್ಟಿನಿಂದ ಅಡ್ಡಡ್ಡ ಸರಿಸುತ್ತ, ನಾಲ್ಕು ಪಟ್ಟಿಗಳಿಗೆ 1, 2, 4, 8 ನಿಮಿಷ ಬೆಳಕು ಬೀಳುವಂತೆ ಮಾಡಿ.
4. ಸೇಫ್‌ಲೈಟ್ ಆರಿಸಿ, ಕತ್ತಲಲ್ಲೇ ಡೆವಲಪ್ ಮಾಡಿ, ಫಿಕ್ಸ್ ಮಾಡಿ.
5. ಮುಚ್ಚಿದ ಅರ್ಧಕ್ಕೂ ಪಟ್ಟಿಗೂ ವ್ಯತ್ಯಾಸ ಎಲ್ಲಿ ಕಾಣತೊಡಗುತ್ತದೋ ಅದಕ್ಕಿಂತ ಹಿಂದಿನ ಸಮಯವೇ ನಿಮ್ಮ ಸುರಕ್ಷಿತ ಮಿತಿ.

8 ನಿಮಿಷದ ಪಟ್ಟಿಯಲ್ಲೂ ವ್ಯತ್ಯಾಸ ಕಾಣದಿದ್ದರೆ ನಿಶ್ಚಿಂತೆ. 2 ನಿಮಿಷಕ್ಕೇ ಕಂಡರೆ ದೀಪವನ್ನು ದೂರ ಸರಿಸಿ (ಕನಿಷ್ಠ 1.2 ಮೀಟರ್ ಅಂತರ ಬೇಕು), ಬಲ್ಬ್ 15 ವ್ಯಾಟ್ ಮೀರಿದೆಯೇ ನೋಡಿ, ಇಲ್ಲವೇ ಬಣ್ಣಗುಂದಿದ ಫಿಲ್ಟರ್ ಬದಲಿಸಿ. ನಾಲ್ಕೂ ಎನ್‌ಲಾರ್ಜರಿನ ಜಾಗದಲ್ಲಿ ಮತ್ತು ಡೆವಲಪರ್ ಟ್ರೇಯ ಪಕ್ಕ ಪ್ರತ್ಯೇಕವಾಗಿ ಪರೀಕ್ಷಿಸಿ, ಸಮಯವನ್ನು ಆಯಾ ಗೋಡೆಗೇ ಬರೆದು ಅಂಟಿಸಿ. ಫೋನ್ ಮತ್ತು ಬೆಳಗುವ ಗಡಿಯಾರಗಳಿಗೆ ಬಾಗಿಲ ಹೊರಗೊಂದು ಪೆಟ್ಟಿಗೆ ಇರಲಿ.

ಕೆಂಪು ಬೆಳಕಿನ ಇನ್ನೊಂದು ತೊಡಕು: ಅದರಡಿ ಕೆಂಪೂ ಬಿಳಿಯೂ ಒಂದೇ ಥರ ಕಾಣುತ್ತವೆ. ಬಿಳಿ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಎಚ್ಚರಿಕೆ ಮಾಯವಾಗುತ್ತದೆ, ಬಣ್ಣದಿಂದ ಗುರುತಿಸುವ ಇಕ್ಕಳಗಳು ಅದಲುಬದಲಾಗುತ್ತವೆ. ಇಕ್ಕಳದ ಹಿಡಿಗೆ ಗೀರು ಹಾಕಿ: ಡೆವಲಪರಿಗೆ ಒಂದು, ಸ್ಟಾಪ್ ಬಾತ್‌ಗೆ (ಡೆವಲಪರಿನ ಕೆಲಸ ನಿಲ್ಲಿಸುವ ದ್ರಾವಣ) ಎರಡು, ಫಿಕ್ಸರಿಗೆ ಮೂರು. ಟ್ರೇಯ ಅಂಚಿಗೂ ಅದೇ ಗೀರು. ಬೆರಳಿಗೇ ತಿಳಿಯುತ್ತದೆ. ಬರಹವೆಲ್ಲ ದಪ್ಪ ಕಪ್ಪು ಮಾರ್ಕರಿನಲ್ಲಿರಲಿ.

ರಾಸಾಯನಿಕ: ಕಲಸುವುದು, ಇಡುವುದು, ಲೆಕ್ಕ ಬರೆಯುವುದು

ಕಲಸುವ ಕೆಲಸ ತರಬೇತಾದ ಸ್ವಯಂಸೇವಕರದ್ದೇ ಆಗಿರಲಿ. ಎಲ್ಲ ಸದಸ್ಯರಿಗೂ ಬಿಡಬೇಡಿ. ಪುಡಿ ಕಲಸುವಾಗ ಧೂಳು ಏಳುವುದರಿಂದ ಮಾಸ್ಕ್, ಕನ್ನಡಕ, ನೈಟ್ರೈಲ್ ಕೈಗವಸು ಬೇಕು. ಮೆಟಾಲ್ ಎಂಬ ಡೆವಲಪರ್ ಪುಡಿ ಕೆಲವರ ಚರ್ಮಕ್ಕೆ ತುರಿಕೆ ಹುಟ್ಟಿಸುತ್ತದೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಹೋಗುವುದು ಕಷ್ಟ. ಆಮ್ಲವನ್ನು ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಫಿಲ್ಮಿಗೆ ಡಿ-76 ಎಂಬ ಡೆವಲಪರ್ ಅಥವಾ ಅದಕ್ಕೆ ಸಮಾನವಾದ ಐಡಿ-11 ಸಾಕು. ಬಿಡಿ ರಾಸಾಯನಿಕಗಳಿಂದ ಮಾಡುವುದಾದರೆ ಒಂದು ಲೀಟರಿಗೆ ಲೆಕ್ಕ ಇದು: 50 ಡಿಗ್ರಿಯ 750 ಮಿಲಿ ನೀರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ, ಆಮೇಲೆ ತಣ್ಣೀರು ಸೇರಿಸಿ ಒಂದು ಲೀಟರ್. ಕ್ರಮ ತಪ್ಪಬಾರದು. ಸಲ್ಫೈಟ್ ಪೂರ್ತಿ ಹಾಕಿದ ಮೇಲೆ ಮೆಟಾಲ್ ಕರಗುವುದಿಲ್ಲ. ಚಿಟಿಕೆ ಸಲ್ಫೈಟ್, ನಂತರ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್, ಹೀಗೆ ಹೋಗಿ. ತುಂಬಿದ, ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಇದು 6 ತಿಂಗಳು ಬಾಳುತ್ತದೆ, ಅರ್ಧ ಖಾಲಿಯಾದ ಬಾಟಲಿಯಲ್ಲಿ 2 ತಿಂಗಳು. ಆದ್ದರಿಂದ ಐದು ಲೀಟರಿನ ಒಂದು ಕ್ಯಾನಿಗಿಂತ ಒಂದೊಂದು ಲೀಟರಿನ ಐದು ಬಾಟಲಿ ಮೇಲು. ನೀರು, ಜ್ಯೂಸ್ ಬಾಟಲಿಗಳನ್ನು ಇದಕ್ಕೆ ಬಳಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿ.

ಒಂದು ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಹಂಚಿಕೊಂಡ ಡಾರ್ಕ್‌ರೂಮಿನಲ್ಲಿ ಫಿಲ್ಮ್ ಡೆವಲಪರನ್ನು ಒಮ್ಮೆ ಬಳಸಿ ಚೆಲ್ಲಬೇಕು. ಮತ್ತೆ ಬಳಸುವ ಪದ್ಧತಿಯಲ್ಲಿ ಪ್ರತಿ ರೋಲಿಗೂ ಸಮಯ ಹೆಚ್ಚಿಸುತ್ತ ಹೋಗಬೇಕು, ಒಬ್ಬರು ಲೆಕ್ಕ ಬರೆಯಲು ಮರೆತರೂ ಮುಂದಿನವರ ಫಿಲ್ಮ್ ತೆಳುವಾಗುತ್ತದೆ. ಕೆಟ್ಟ ಪ್ರಿಂಟನ್ನು ಮತ್ತೆ ಮಾಡಬಹುದು, ಕೆಟ್ಟ ಫಿಲ್ಮನ್ನು ಮಾಡಲಾಗದು.

ಪ್ರಿಂಟಿನ ಟ್ರೇಗಳಿಗೆ, 8×10 ಇಂಚಿನ ಕಾಗದಕ್ಕೆ, ಒಂದೊಂದು ಲೀಟರಾದರೂ ದ್ರಾವಣ ಬೇಕು. 1+9 ಡೆವಲಪರ್ ಎಂದರೆ 100 ಮಿಲಿಗೆ 900 ಮಿಲಿ ನೀರು. ಸ್ಟಾಪ್ ಬಾತ್‌ಗೆ ಲೀಟರಿಗೆ 15 ಗ್ರಾಂ ಸಿಟ್ರಿಕ್ ಆಮ್ಲ. ಅಸಿಟಿಕ್ ಆಮ್ಲದ ಘಾಟು ಇದಕ್ಕಿಲ್ಲ. ರ‍್ಯಾಪಿಡ್ ಫಿಕ್ಸರ್ 1+4 ಎಂದರೆ 200 ಮಿಲಿಗೆ 800 ಮಿಲಿ ನೀರು. ಈ ಒಂದು ಲೀಟರ್ ಫಿಕ್ಸರಿಗೆ 8×10ರ ಸುಮಾರು 80 ಆರ್‌ಸಿ (ಪ್ಲಾಸ್ಟಿಕ್ ಪದರವಿರುವ ಕಾಗದದ) ಪ್ರಿಂಟ್ ಅಥವಾ 40 ಫೈಬರ್ (ಆ ಪದರವಿಲ್ಲದ ಕಾಗದದ) ಪ್ರಿಂಟ್ ಮಿತಿ. ದಶಕಗಳ ಕಾಲ ಉಳಿಯಬೇಕಾದ ಫೈಬರ್ ಪ್ರಿಂಟಾದರೆ 10 ಮಾತ್ರ. ಸಿಂಕಿನ ಮೇಲೆ ಹಲಗೆ ತೂಗುಹಾಕಿ, ಪ್ರತಿ ಪ್ರಿಂಟಿಗೂ ಒಂದು ಗೀಟು ಎಳೆಯುವುದನ್ನು ರೂಢಿಸಿ. 5×7ರ ಎರಡು ಪ್ರಿಂಟಿಗೆ ಒಂದು ಗೀಟು. ಬಾಟಲಿಯ ಚೀಟಿಯಲ್ಲಿ ಏನು, ಎಷ್ಟಕ್ಕೆಷ್ಟು, ಕಲಸಿದ ದಿನ, ಕಲಸಿದವರ ಹೆಸರು, ಚೆಲ್ಲಬೇಕಾದ ದಿನ ಈ ಐದೂ ಇಲ್ಲದಿದ್ದರೆ ಅದರಲ್ಲಿರುವುದನ್ನು ತ್ಯಾಜ್ಯವೆಂದೇ ಎಣಿಸಿ.

ಸೆಲೆನಿಯಂ ಟೋನರ್, ಪೈರೋ ಡೆವಲಪರ್, ಡೈಕ್ರೋಮೇಟ್ ಇಂಥ ಹೆಚ್ಚು ಅಪಾಯಕಾರಿ ರಾಸಾಯನಿಕಗಳು ಎಲ್ಲರಿಗೂ ತೆರೆದ ಅವಧಿಯಲ್ಲಿ ಬೇಡ. ಡೈಕ್ರೋಮೇಟಿನಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ.

ಫಿಲ್ಮ್ ತೊಳೆಯುವ ಕ್ರಮ

ಹೊಸಬರ ಫಿಲ್ಮ್ ಕೆಡುವುದು ಬಹುಮಟ್ಟಿಗೆ ರೀಲಿನಲ್ಲಿ. ಒದ್ದೆ ಪ್ಲಾಸ್ಟಿಕ್ ರೀಲಿಗೆ ಫಿಲ್ಮ್ ಅಂಟಿಕೊಂಡು ಮುಂದೆ ಹೋಗುವುದೇ ಇಲ್ಲ, ಆದ್ದರಿಂದ ಹಿಂದಿನವರು ತೊಳೆದಿಟ್ಟ ರೀಲ್ ಪೂರ್ತಿ ಒಣಗಿದೆಯೇ ನೋಡಿ. ಹಾಳಾದ ಒಂದು ರೋಲನ್ನು ಅಭ್ಯಾಸಕ್ಕೆ ಇಟ್ಟಿರಿ: ಬೆಳಕಲ್ಲಿ ಐದು ಸಲ, ಕಣ್ಣುಮುಚ್ಚಿ ಐದು ಸಲ. ಟ್ಯಾಂಕಿನ ನಡುಗಂಬವನ್ನು ಹಾಕದೆ ಮುಚ್ಚಳ ಮುಚ್ಚಿದರೆ ಬೆಳಕು ನೇರ ಒಳಗಿಳಿದು ಇಡೀ ರೋಲ್ ಕಪ್ಪಾಗುತ್ತದೆ. ಗೂಡಿಗೆ ಹೋಗುವ ಮೊದಲು ಟ್ಯಾಂಕ್, ಕಂಬ, ರೀಲ್, ಕೊಳವೆ ಮುಚ್ಚಳ, ಕತ್ತರಿ, ಡಬ್ಬಿ ತೆರೆಯುವ ಸಾಧನ ಇವನ್ನು ಎಡದಿಂದ ಬಲಕ್ಕೆ ಇದೇ ಸಾಲಿನಲ್ಲಿ ಜೋಡಿಸಿಕೊಳ್ಳುವುದನ್ನು ಕಲಿಸಿ.

ಇಲ್‌ಫೋರ್ಡ್ ಕಂಪನಿಯ, 400 ವೇಗದ (ಬೆಳಕಿಗೆ ಸ್ಪಂದಿಸುವ ಅಳತೆ) ಎಚ್‌ಪಿ5 ಪ್ಲಸ್ ಫಿಲ್ಮನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು 35 ಮಿ.ಮೀ. ರೋಲಿಗೆ 300 ಮಿಲಿ ಸಾಕು: 150 ಮಿಲಿ ಐಡಿ-11, 150 ಮಿಲಿ ನೀರು, 20 ಡಿಗ್ರಿ, 13 ನಿಮಿಷ. ನೀರು ಬೆರೆಸದಿದ್ದರೆ ಏಳೂವರೆ ನಿಮಿಷ. ಸುರಿದ ಕೂಡಲೆ 10 ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕನ್ನು ತಲೆಕೆಳಗು ಮಾಡಿ ನೆಟ್ಟಗಿಡಿ, ನಂತರ ಪ್ರತಿ ನಿಮಿಷದ ಆರಂಭದಲ್ಲಿ ಅದೇ ರೀತಿ. ಪ್ರತಿ ಸಲವೂ ತಳವನ್ನು ಮೇಜಿಗೆ ತಟ್ಟಿ, ಗಾಳಿಗುಳ್ಳೆ ಬಿಡುತ್ತದೆ. ನೀರು ಬಿಸಿಯಿದ್ದರೆ ಪ್ರತಿ ಡಿಗ್ರಿಗೆ ಸಮಯವನ್ನು ಸುಮಾರು ಶೇ 10ರಷ್ಟು ಇಳಿಸಿ. 24 ಡಿಗ್ರಿಯಲ್ಲಿ ಈ 13 ನಿಮಿಷ ಹೆಚ್ಚುಕಡಿಮೆ 9 ಆಗುತ್ತದೆ. ಐದು ನಿಮಿಷಕ್ಕಿಂತ ಕಡಿಮೆಗೆ ಇಳಿದರೆ ಕಲೆಕಲೆಯಾಗುವ ಸಂಭವ ಹೆಚ್ಚು.

ಸ್ಟಾಪ್ ಬಾತ್ ಅರ್ಧ ನಿಮಿಷ. ಫಿಕ್ಸರಿಗೆ ಗಡಿಯಾರಕ್ಕಿಂತ ಫಿಲ್ಮಿನ ತುಂಡನ್ನೇ ನಂಬಿ: ಕತ್ತರಿಸಿ ಉಳಿದ ಮೊದಲ ತುದಿಯನ್ನು ಫಿಕ್ಸರಿಗೆ ಹಾಕಿ, ಅದು ಪಾರದರ್ಶಕವಾಗಲು ಹಿಡಿಯುವ ಸಮಯದ ಎರಡರಷ್ಟು ಫಿಕ್ಸ್ ಮಾಡಿ. ಹೊಸ ಫಿಕ್ಸರಿನಲ್ಲಿ ಎಷ್ಟು ಸೆಕೆಂಡು ಬೇಕಾಯಿತೋ ಅದರ ಎರಡರಷ್ಟು ಬೇಕಾಗತೊಡಗಿದರೆ ಆ ಫಿಕ್ಸರಿನ ಆಯುಸ್ಸು ಮುಗಿದಿದೆ. ಗಟ್ಟಿಗೊಳಿಸುವ ಅಂಶವಿಲ್ಲದ ಫಿಕ್ಸರ್ ಬಳಸಿದ್ದರೆ ಅದೇ ಉಷ್ಣತೆಯ ನೀರು ತುಂಬಿ 5 ಸಲ, ಚೆಲ್ಲಿ ಮತ್ತೆ ತುಂಬಿ 10 ಸಲ, ಇನ್ನೊಮ್ಮೆ 20 ಸಲ ತಲೆಕೆಳಗು ಮಾಡಿದರೆ ತೊಳೆದಂತೆ. ನೀರು ಕಡಿಮೆಯಿರುವ ಕೇಂದ್ರಗಳಿಗೆ ಈ ವಿಧಾನ ದೊಡ್ಡ ಅನುಕೂಲ.

ಫಲಿತಾಂಶ ನೋಡಿ ಕಾರಣ ಹೇಳುವುದನ್ನು ಸ್ವಯಂಸೇವಕರು ಕಲಿಯಬೇಕು, ಯಾಕೆಂದರೆ ಖಾಲಿ ಫಿಲ್ಮ್ ಹಿಡಿದು ನಿಂತವರಿಗೆ ಅವರು ಕೊಡುವ ಉತ್ತರವೇ ಆ ಮನುಷ್ಯ ಮತ್ತೆ ಬರುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಫಿಲ್ಮ್ ಪೂರ್ತಿ ಖಾಲಿ, ಅಂಚಿನ ಸಂಖ್ಯೆಗಳು ಮಾತ್ರ ಇವೆ ಎಂದರೆ ಕ್ಯಾಮೆರಾದಲ್ಲಿ ಫಿಲ್ಮ್ ಓಡಿಲ್ಲ ಅಥವಾ ಶಟರ್ ತೆರೆದಿಲ್ಲ. ಅಂಚಿನ ಸಂಖ್ಯೆಯೂ ಇಲ್ಲವೆಂದರೆ ಡೆವಲಪರ್ ಸತ್ತಿದೆ, ಇಲ್ಲವೇ ಮೊದಲು ಫಿಕ್ಸರ್ ಸುರಿದಿದ್ದಾರೆ. ಹಾಲಿನಂಥ ಪೊರೆ ಇದ್ದರೆ ಫಿಕ್ಸ್ ಸಾಲದು. ಹೊಸ ಫಿಕ್ಸರಿನಲ್ಲಿ ಮತ್ತೆ ಹಾಕಿದರೆ ಉಳಿಯುತ್ತದೆ. ಅರ್ಧಚಂದ್ರದ ಗುರುತು ರೀಲಿಗೆ ಏರಿಸುವಾಗ ಫಿಲ್ಮ್ ಮಡಿದದ್ದು. ತೂತುಗಳ ಪಕ್ಕ ಪಟ್ಟಿಗಳು ಕಂಡರೆ ವಿಪರೀತ ಅಲುಗಿಸಿದ್ದು.

ಪ್ರಿಂಟು

ಕಲಿಯುವವರಿಗೆ ಆರ್‌ಸಿ ಕಾಗದವೇ ಸರಿ: ಡೆವಲಪರಿನಲ್ಲಿ 1 ನಿಮಿಷ, ಸ್ಟಾಪ್‌ನಲ್ಲಿ 10 ಸೆಕೆಂಡು, ಫಿಕ್ಸರಿನಲ್ಲಿ 30 ಸೆಕೆಂಡು, ಹರಿಯುವ ನೀರಿನಲ್ಲಿ 2 ನಿಮಿಷ. ಫೈಬರ್ ಕಾಗದಕ್ಕೆ ಡೆವಲಪರ್ 2 ನಿಮಿಷ, ಫಿಕ್ಸರ್ 1 ನಿಮಿಷ. ಅದನ್ನು 5 ನಿಮಿಷ ತೊಳೆದು, 10 ನಿಮಿಷ ವಾಶ್ ಏಡ್‌ನಲ್ಲಿಟ್ಟು (ಕಾಗದದಿಂದ ಫಿಕ್ಸರ್ ಬೇಗ ಬಿಡಿಸುವ ದ್ರಾವಣ), ಮತ್ತೆ 5 ನಿಮಿಷ ತೊಳೆಯಬೇಕು. ಕಾಯುವವರ ಸಾಲು ಇರುವಾಗ ಈ ವ್ಯತ್ಯಾಸ ದೊಡ್ಡದು. ಫೈಬರಿಗೆ ವಾರದಲ್ಲಿ ಒಂದು ಅವಧಿಯನ್ನು ಪ್ರತ್ಯೇಕವಾಗಿ ಇಡಿ.

ಲೆನ್ಸನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಎಫ್/8ಕ್ಕೆ ಇಳಿಸಿ, 2ನೇ ಫಿಲ್ಟರಿನಲ್ಲಿ ಟೆಸ್ಟ್ ಸ್ಟ್ರಿಪ್ ಮಾಡಿ. ಬಿಳಿಭಾಗ ನೋಡಿ ಸಮಯ ಆರಿಸಿ, ಆಮೇಲೆ ಕಪ್ಪುಭಾಗ ನೋಡಿ ಫಿಲ್ಟರ್ ಆರಿಸಿ. ಇಲ್‌ಫೋರ್ಡ್ ಫಿಲ್ಟರುಗಳಲ್ಲಿ 00ರಿಂದ ಮೂರೂವರೆವರೆಗೆ ಸಮಯ ಬದಲಿಸಬೇಕಿಲ್ಲ. 4 ಮತ್ತು ಮೇಲಿನವಕ್ಕೆ ಎರಡರಷ್ಟು ಬೇಕು. ಚಿತ್ರ ಬೇಗ ಕಪ್ಪಾಗುವುದು ಕಂಡು 20 ಸೆಕೆಂಡಿಗೇ ಡೆವಲಪರಿನಿಂದ ಎತ್ತಿಬಿಡುವುದು ಹೊಸಬರೆಲ್ಲ ಮಾಡುವ ಕೆಲಸ. ಕಪ್ಪು ಗಟ್ಟಿಯಾಗದೆ ಮಣ್ಣುಬಣ್ಣದ, ಕಲೆಕಲೆಯಾದ ಪ್ರಿಂಟ್ ಬರುತ್ತದೆ. ನಿಮಿಷ ಪೂರ್ತಿ ಬಿಟ್ಟು, ಕಪ್ಪಾದರೆ ಎಕ್ಸ್‌ಪೋಶರ್ ಕಡಿಮೆ ಮಾಡಿ.

ಬಳಸಿದ ಫಿಕ್ಸರ್

ಬಳಸಿದ ಫಿಕ್ಸರಿನಲ್ಲಿ ಫಿಲ್ಮ್ ಮತ್ತು ಕಾಗದದಿಂದ ಕರಗಿಬಂದ ಬೆಳ್ಳಿ ಇರುತ್ತದೆ. ನೀರಿನ ಜೀವಿಗಳಿಗೆ ಅದು ವಿಷ. ಚರಂಡಿಗೆ ಸುರಿಯಬೇಡಿ, ಮಣ್ಣಿಗೆ, ಇಂಗುಗುಂಡಿಗೆ ಯಾವ ದ್ರಾವಣವನ್ನೂ ಸುರಿಯಬೇಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಂಗ್ರಹಿಸಿ, ಪರವಾನಗಿ ಇರುವ ಸಂಗ್ರಹಕಾರರಿಗೆ ಕೊಡಿ. ಉಕ್ಕಿನ ಎಳೆಗಳ ಮೂಲಕ ನಿಧಾನವಾಗಿ ಹರಿಸಿದರೆ ಕಬ್ಬಿಣ ಕರಗಿ ಬೆಳ್ಳಿ ಕೆಳಗೆ ಕೆಸರಾಗಿ ನಿಲ್ಲುತ್ತದೆ, ಹೊತ್ತೊಯ್ಯಬೇಕಾದ ಪ್ರಮಾಣ ಕಡಿಮೆಯಾಗುತ್ತದೆ. ಈ ಡ್ರಮ್ಮಿಗೆ ಡೆವಲಪರ್, ಬ್ಲೀಚ್, ಪ್ರಬಲ ಆಮ್ಲ ಯಾವುದೂ ಸೇರಬಾರದು.

ಜನ

ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ 1989ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಮಾರ್ಕೆಟ್ ಫೋಟೊ ವರ್ಕ್‌ಶಾಪ್ ಎಂಬ ಛಾಯಾಗ್ರಹಣ ಕಲಿಕಾ ಕೇಂದ್ರ ಆರಂಭಿಸಿದಾಗ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಇನ್ನೂ ಜಾರಿಯಲ್ಲಿತ್ತು. ಕಲಿಯುವ ಅವಕಾಶವೇ ಇಲ್ಲದವರಿಗೆ ಬಾಗಿಲು ತೆರೆಯುವುದು ಅದರ ಉದ್ದೇಶವಾಗಿತ್ತು. ಇಂಥ ಕೇಂದ್ರಗಳ ಅರ್ಥ ಇರುವುದೇ ಅಲ್ಲಿ. ನಿಯಮಗಳನ್ನು ಬರೆಯುವಾಗ ಅವು ಯಾರನ್ನು ಹೊರಗಿಡುತ್ತವೆ ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಬೇಕು.

ಶುಲ್ಕವನ್ನು ಗಂಟೆಯ ಲೆಕ್ಕದಲ್ಲಿ ಇಟ್ಟು, ರಾಸಾಯನಿಕವನ್ನು ಅದರಲ್ಲೇ ಸೇರಿಸಿ. ಕಾಗದ ಮತ್ತು ಫಿಲ್ಮ್ ಸದಸ್ಯರದ್ದು. ರಾಸಾಯನಿಕಕ್ಕೆ ಬೇರೆ ದುಡ್ಡು ಕೇಳಿದರೆ ಜನ ಸತ್ತ ಫಿಕ್ಸರನ್ನೇ ಎಳೆದಾಡುತ್ತಾರೆ, ಪ್ರಿಂಟುಗಳು ಕೆಲವೇ ವರ್ಷಗಳಲ್ಲಿ ಕಂದುತ್ತವೆ. ಕೊಡಲಾಗದವರು ಕಲಸುವ, ತೊಳೆಯುವ, ಮಟ್ಟ ನೋಡುವ ಕೆಲಸದ ಗಂಟೆಗಳಿಂದ ತೀರಿಸಬಹುದು.

ನಾಲ್ಕು ಗಂಟೆಯ ಅವಧಿಯಲ್ಲಿ ಮೊದಲ ಅರ್ಧ ಗಂಟೆ ದ್ರಾವಣಗಳ ಉಷ್ಣತೆ ಸರಿಪಡಿಸಲು, ಕೊನೆಯ ಅರ್ಧ ಗಂಟೆ ತೊಳೆಯಲು ಮೀಸಲು. ಉಳಿದ ಮೂರು ಗಂಟೆ ಮಾತ್ರ ಪ್ರಿಂಟಿಗೆ ಎಂದು ಬುಕಿಂಗ್ ಮಾಡುವಾಗಲೇ ಹೇಳಿ. ಹೊಸ ಸದಸ್ಯರು ಸ್ವಂತವಾಗಿ ಬುಕ್ ಮಾಡುವ ಮೊದಲು ಒಂದು ಫಿಲ್ಮ್, ಒಂದು ಪ್ರಿಂಟನ್ನು ಸ್ವಯಂಸೇವಕರ ಎದುರು ಪೂರ್ತಿ ಮಾಡಿ ತೋರಿಸಲಿ. ಅನುಭವಿಗಳಿಗೂ ಇದು ಅನ್ವಯಿಸಲಿ. ಬೇರೆ ಕಡೆ ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೂ ಈ ಕೋಣೆಯ ಮೂರು ಗೀರಿನ ಇಕ್ಕಳ ಯಾವುದೆಂದು ಗೊತ್ತಿರುವುದಿಲ್ಲ.

ಒಣಹಾಕಿದ ನೆಗೆಟಿವಿನ ಕ್ಲಿಪ್ಪಿಗೆ ಹೆಸರು, ದಿನಾಂಕದ ಚೀಟಿ ಇರಬೇಕು. ತೆಗೆದ ಚಿತ್ರದ ಹಕ್ಕು ತೆಗೆದವರದ್ದು: ಒಣಗುವ ಕಪಾಟಿನಿಂದ ಚಂದದ ಪ್ರಿಂಟೊಂದನ್ನು ಎತ್ತಿ ಕೇಂದ್ರದ ಪ್ರಚಾರಕ್ಕೆ ಬಳಸುವ ಮೊದಲು ಅವರ ಲಿಖಿತ ಒಪ್ಪಿಗೆ ಬೇಕು, ಚಿತ್ರದಲ್ಲಿ ಮಕ್ಕಳಿದ್ದರೆ ಅವರ ಪಾಲಕರ ಒಪ್ಪಿಗೆಯೂ. ಯಾರೂ ಕೇಳಿ ಬಾರದ ನೆಗೆಟಿವುಗಳನ್ನು ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ ಎಂಬುದನ್ನು ಸದಸ್ಯತ್ವದ ಅರ್ಜಿಯಲ್ಲೇ ಬರೆಯಿರಿ.

ಮುಚ್ಚುವ ಪಟ್ಟಿ ಬಾಗಿಲ ಒಳಬದಿಯಲ್ಲಿ ತೂಗುತ್ತಿರಲಿ: ಟ್ರೇಗಳ ದ್ರಾವಣವನ್ನು ಅವವೇ ಬಾಟಲಿಗಳಿಗೆ ಹಿಂದಿರುಗಿಸಿದ್ದು, ಗೀಟುಗಳನ್ನು ಪುಸ್ತಕಕ್ಕೆ ಬರೆದದ್ದು, ರೀಲುಗಳನ್ನು ಬಿಡಿಸಿ ಒಣಗಲು ಇಟ್ಟದ್ದು, ಎನ್‌ಲಾರ್ಜರಿನಲ್ಲಿ ನೆಗೆಟಿವ್ ಉಳಿದಿಲ್ಲ ಎಂದು ನೋಡಿದ್ದು, ಕಾಗದದ ಪೆಟ್ಟಿಗೆಗಳು ಮುಚ್ಚಿವೆ ಎಂದು ಮುಟ್ಟಿ ನೋಡಿದ್ದು. ಇಷ್ಟೂ ಆದ ಮೇಲೆ ಬಿಳಿ ದೀಪ. ಟ್ರೇಗಳು ತೊಳೆದು ಒಣಗುವ ತನಕ, ಇನ್ನೊಂದು ಕಾಲು ಗಂಟೆ, ಫ್ಯಾನ್ ಆರಿಸಬೇಡಿ.